ಅಕ್ಕನ ಮೂರನೇ ಬದನಿಕೆ

ಹೋದ ವಾರ ಪಕ್ಕದ ಮನೆಯ ಹುಡುಗಿ ಎರಡು ಗಿಡ ತಂದು ನಮ್ಮ ವರಾಂಡದ ಕಂಬಿಗೆ ತಂತಿಯಿಂದ ನೇತುಹಾಕಿದಳು. ಕುಂಡವಿಲ್ಲ, ಮಣ್ಣಿಲ್ಲ. ಬೂದು ಬಣ್ಣದ, ಮುಷ್ಟಿಯಷ್ಟು ದೊಡ್ಡ ಗಿಡಗಳು. ಬಳ್ಳಾರಿ ಗಾಂಧಿನಗರದ ಈ ಬಿಸಿಲಿಗೆ ನೆಲದಲ್ಲಿ ನೆಟ್ಟದ್ದೇ ಒಣಗಿ ಹೋಗುತ್ತದೆ, ಇವೇನು ಬದುಕುತ್ತವೆ ಅಂದೆ. "ಏರ್ ಪ್ಲಾಂಟ್ ಅಜ್ಜಿ, ಗಾಳೀನ ಕುಡಿದು ಬದಕ್ತಾವ. ನೋಡಾಕ ಒಂದಽ ಥರ ಅದಾವ, ಆದ್ರ ಬ್ಯಾರೆ ಬ್ಯಾರೆ ಅಂತ. ಅದರಾಗ ಒಂದು, ಎರಡು ಜಾತಿ ಕೂಡಿ ಹುಟ್ಟಿದ ಬೆರಕಿ ಇದ್ರೂ ಇರಬಹುದು ಅಂದ ನರ್ಸರಿಯವ. ಹೂವು ಬಿಡೋತನಕ ಗೊತ್ತಾಗಂಗಿಲ್ಲಂತ" ಎಂದಳು.

ಹೂವು ಬಿಡುವ ತನಕ ಗೊತ್ತಾಗುವುದಿಲ್ಲವಂತೆ... ಹೂವು ಬಿಡುವ ಮೊದಲೇ ಎಲೆ ಮುಟ್ಟಿ ಹೇಳುತ್ತಿದ್ದ ಒಬ್ಬಾಕೆಯನ್ನು ನಾನು ಬಲ್ಲೆ. ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಬಾಯಿ ಅಕ್ಕ ಅನ್ನುತ್ತಿತ್ತು, ಹೊಟ್ಟೆ ಬೇರೇನೋ ಅನ್ನುತ್ತಿತ್ತು. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಮಾಡಲಿ, ನನಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ಅಷ್ಟಿಷ್ಟಲ್ಲ.

ನಾನು ಬಳ್ಳಾರಿಯವಳೇ. ಥರ್ಡ್ ಫಾರಂ, ಅಂದರೆ ಈಗಿನ ಎಂಟನೇ ಕ್ಲಾಸಿನ ತನಕ ಓದಿದ್ದೆ. ಆಗಿನ ಕಾಲಕ್ಕೆ ನಮ್ಮ ಜನರಲ್ಲಿ ಅಷ್ಟು ಓದಿದ ಹೆಣ್ಣು ಓಣಿಗೊಬ್ಬಳು ಸಿಕ್ಕರೆ ಹೆಚ್ಚು. ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮುಂಚೆ ಬ್ರೂಸ್‌ಪೇಟೆಯ ಈ ಮನೆತನಕ್ಕೆ ಸೊಸೆಯಾಗಿ ಬಂದೆ. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಮಾವನವರದು ಗ್ರಂಥಿಗೆ ಅಂಗಡಿ. ಬಜೆ, ಹಿಪ್ಪಲಿ, ಅಳಲೆಕಾಯಿ, ಲಾವಂಚ, ಬಾಣಂತಿ ಖಾರದ ಸಾಮಾನು, ಕೀಲುನೋವಿನ ಎಣ್ಣೆಗೆ ಹಾಕುವ ಬೇರು. ಮುಂದೆ ಅಂಗಡಿ, ಹಿಂದೆ ಮನೆ. ಬೇರು ತೊಪ್ಪಲು ಆರಿಸುವ ಕೆಲಸ ಮನೆಯ ಹೆಂಗಸರದು. ಓದಿದ ಸೊಸೆ ಬಂದಳು, ಇನ್ನು ಅಂಗಡಿಯ ಡಬ್ಬಿಗಳಿಗೆಲ್ಲ ನನ್ನ ಕೈಯಲ್ಲೇ ಹೆಸರು ಬರೆಸುತ್ತಾರೆ, ಉಗ್ರಾಣದ ಬೀಗದ ಕೈ ನನಗೇ ಕೊಡುತ್ತಾರೆ ಅಂದುಕೊಂಡು ಬಂದವಳು ನಾನು.

ಬೀಗದ ಕೈ ಅಕ್ಕನ ಸೊಂಟದಲ್ಲಿತ್ತು.

ಆಕೆ ಸಿರುಗುಪ್ಪದ ಕಡೆ, ಕೆಂಚನಗುಡ್ಡದವಳು. ಅಕ್ಷರ ಬರುತ್ತಿರಲಿಲ್ಲ. ಹೊಳೆ ದಂಡೆಯಲ್ಲಿ ದನ ಕಾಯ್ದು ಬೆಳೆದವಳು. ಕಪ್ಪಗೆ, ಎತ್ತರಕ್ಕೆ, ಹಲ್ಲು ತುಸು ಮುಂದೆ. ರೂಪದಲ್ಲಿ ನನ್ನ ಮುಂದೆ ಏನೂ ಅಲ್ಲ ಅಂತ ಬಂದ ದಿನವೇ ಕನ್ನಡಿ ನೋಡಿ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಮಾವನವರು ಯಾವ ಮೂಟೆ ಬಿಚ್ಚಿದರೂ ಮೊದಲು ಕರೆಯುವುದು ಆಕೆಯನ್ನೇ. "ಹಿರೇ ಸೊಸಿ, ಇಲ್ಲಿ ಬಾರವ್ವಾ, ಇದರಾಗ ಕಲಬೆರಕಿ ಐತೇನು ನೋಡು." ಆಕೆ ಬಂದು ಒಂದು ಬೇರು ಮುರಿದು ಮೂಸಿ, "ಖರೇ ಬೇರು ಮೂಟಿ ತುಂಬ ಇಲ್ಲ ಮಾವ, ಮ್ಯಾಲಷ್ಟಽ ಐತಿ" ಎನ್ನುವಳು. ಕೆಳಗೆ ಕೈ ಹಾಕಿದರೆ ಹಾಗೇ ಇರುತ್ತಿತ್ತು. ನಾನು ಮಾವನವರಿಗೆ ಪೇಪರ್ ಓದಿ ಹೇಳುತ್ತಿದ್ದರೆ ಅವರು ಅರ್ಧದಲ್ಲೇ ಎದ್ದು ಆಕೆಯ ಕಡೆ ಹೋಗುತ್ತಿದ್ದರು. ಒಮ್ಮೆ ನನ್ನ ಮುಂದೆಯೇ ನಕ್ಕು, "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಅಂದರು. ಅವರು ತಮಾಷೆಗೆ ಅಂದದ್ದು. ನನಗೆ ಮೂರು ದಿನ ಅನ್ನ ಸೇರಲಿಲ್ಲ.

ಇನ್ನು ಬದನಿಕೆಯ ಮಾತು. ನಮ್ಮ ಕಡೆ ಮರದ ಮೇಲೆ ಬೆಳೆದ ಗಿಡಕ್ಕೆಲ್ಲ ಬದನಿಕೆ ಅಂತಲೇ ಹೆಸರು. ಅದನ್ನು ಗುರುತಿಸುವುದು ಅದು ಕೂತ ಮರದಿಂದ. ಬೇವಿನ ಮೇಲಿದ್ದರೆ ಬೇವಿನ ಬದನಿಕೆ, ಹುಣಸೆ ಮೇಲಿದ್ದರೆ ಹುಣಸೆ ಬದನಿಕೆ, ಮಾವಿನ ಮೇಲಿದ್ದರೆ ಮಾವಿನದು. ಒಂದೊಂದರ ಗುಣ ಒಂದೊಂದು ಅಂತ ಜನರ ನಂಬಿಕೆ. ಯಾವ ಮರದ್ದು ಯಾವ ನಕ್ಷತ್ರದ ದಿನ ಕೀಳಬೇಕು ಅನ್ನುವುದಕ್ಕೂ ಲೆಕ್ಕ ಇತ್ತು. ನಮ್ಮ ಅಂಗಡಿಯಲ್ಲೂ ಗೋಡೆಗೆ ಸಾಲಾಗಿ ಗೂಟ ಹೊಡೆದು, ಮರಕ್ಕೊಂದು ಗೂಟದಂತೆ ಕಂತೆ ಕಟ್ಟಿ ತೂಗುಹಾಕಿದ್ದರು. ತಂದವನು ಯಾವ ಮರದ್ದು ಅಂತ ಹೇಳುತ್ತಾನೋ ಆ ಗೂಟಕ್ಕೆ. ಮಾವನವರ ತಂದೆಯ ಕಾಲದಿಂದ ನಡೆದು ಬಂದದ್ದು.

ಅಕ್ಕ ಅದನ್ನು ಒಪ್ಪುತ್ತಿರಲಿಲ್ಲ. "ಮರದ ರಸ ಹೀರೋ ಬದನಿಕಿ ಬ್ಯಾರೆ ಮಾವ. ಉದ್ದ ಎಲಿ, ದಪ್ಪ ಬೇರಿಂದು ಐತೆಲ್ಲ, ಇದು ಮರದ ಅನ್ನ ಉಣ್ಣಂಗಿಲ್ಲ. ಬರೇ ಹೆಗಲ ಮ್ಯಾಲ ಕುಂತು ಗಾಳಿ ಕುಡೀತೈತಿ. ಅದಕ್ಕ ಬೇವಾದ್ರೇನು, ಹುಣಸಿಯಾದ್ರೇನು?" ಎನ್ನುತ್ತಿದ್ದಳು. ಆಕೆಯ ಪ್ರಕಾರ ಆ ಗಾಳಿ ಕುಡಿಯುವ ಗಿಡದಲ್ಲೇ ಎರಡು ಬಗೆ. ಒಂದರ ಎಲೆ ದಪ್ಪ, ದೋಣಿಯಂತೆ ಮಡಿಚಿಕೊಂಡದ್ದು, ತುದಿ ಇಲಿ ಕಡಿದ ಹಾಗೆ. ಅದರ ಹೂವಿಗೆ ಚೌಕಳಿ ಸೀರೆಯಂತೆ ಕಂದು ಗೆರೆ. ಇನ್ನೊಂದರ ಎಲೆ ಸಣ್ಣ, ತೆಳುವು, ಹೂವು ಬರೀ ಹಳದಿ. ಹೂವಿಲ್ಲದಾಗ ನಮ್ಮ ಕಣ್ಣಿಗೆ ಎರಡೂ ಒಂದೇ. ಆಕೆ ಬೆರಳಿಗೆ ಎಲೆ ತಾಗಿಸಿದರೆ ಸಾಕು, ಹೇಳುವಳು.

ಮೂರನೆಯದೂ ಒಂದು ಇದೆ ಅನ್ನುತ್ತಿದ್ದಳು. ಎರಡೂ ಒಟ್ಟಿಗೆ ಬೆಳೆಯುವ ಹೊಳೆ ದಂಡೆಯಲ್ಲಿ ಎರಡರ ಬೆರಕೆ. ಮೈ ಒಂದರದ್ದು, ಎಲೆಯ ತುದಿ ಇನ್ನೊಂದರದ್ದು. ಹೂವು ಹಳದಿ, ಆದರೆ ಅಂಚಿಗೆ ಮಾತ್ರ ಕಂದು ಗೀರು. ಸಣ್ಣವಳಿದ್ದಾಗ ಕೆಂಚನಗುಡ್ಡದ ದಂಡೆಯ ಒಂದು ಮಾವಿನ ಮರದಲ್ಲಿ ಒಮ್ಮೆ ನೋಡಿದ್ದಳಂತೆ. ಮುಂದಿನ ಮಳೆಗಾಲದಲ್ಲಿ ಹೊಳೆ ಬಂದು ಆ ಮರವೇ ಹೋಯಿತು. ಆಕೆ ಅವ್ವನಿಗೆ ಹೇಳಿದರೆ "ಬಿಸಲಿಗೆ ಕಣ್ಣು ಮಂಜಾಗ್ಯಾವ ನಿನಗ" ಅಂದಳಂತೆ. ನಮ್ಮ ಮನೆಯಲ್ಲೂ ಯಾರೂ ನಂಬಿರಲಿಲ್ಲ. ಈ ಒಂದು ಮಾತು ಬಂದಾಗ ಮಾತ್ರ ಅಕ್ಕನ ದನಿ ಸಣ್ಣದಾಗುತ್ತಿತ್ತು. ನನಗೆ ಅದೇ ಸಮಾಧಾನ. ಇದೊಂದರಲ್ಲಾದರೂ ಆಕೆ ಸುಳ್ಳಾಗಲಿ ಅಂತ ಇದ್ದೆ.

ನಾನು ಬಂದ ಮರುವರ್ಷ, ಶಿವರಾತ್ರಿ ಕಳೆದ ಮೇಲೆ, ಮದ್ರಾಸಿನ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಒಬ್ಬ ಪ್ರೊಫೆಸರು ನಮ್ಮ ಅಂಗಡಿಗೆ ಬಂದರು. ಆಗ ಬಳ್ಳಾರಿ ಮದ್ರಾಸಿಗೇ ಸೇರಿತ್ತು. ತೆಲುಗಿನವರು, ತಲೆಯ ಮೇಲೆ ಬಿಳಿ ಟೋಪಿ, ಬಗಲಲ್ಲಿ ಗಿಡ ಸುತ್ತಿ ತರಲು ರದ್ದಿ ಕಾಗದ ತುಂಬಿದ ಚೀಲ. ಕುರುಗೋಡಿನ ಗುಡ್ಡದಲ್ಲೂ ಸಿರುಗುಪ್ಪದ ಹೊಳೆ ದಂಡೆಯಲ್ಲೂ ಮರದ ಮೇಲಿನ ಗಿಡಗಳನ್ನು ಹುಡುಕುತ್ತ ಬಂದಿದ್ದರಂತೆ. ನಾನು ಇಂಗ್ಲಿಷ್ ಬಲ್ಲವಳು, ಇವರ ಜೊತೆ ಮಾತಾಡಲು ಮನೆಯಲ್ಲಿ ನಾನೇ ತಕ್ಕವಳು ಅಂತ ಹೊಸ ಇಳಕಲ್ ಸೀರೆ ಉಟ್ಟು ಚಹಾ ತೆಗೆದುಕೊಂಡು ಹೋದೆ. ಅವರು ಲೋಟ ತೆಗೆದುಕೊಂಡರು, ನನ್ನ ಕಡೆ ನೋಡಲಿಲ್ಲ. ಅಕ್ಕ ಅವರ ಚೀಲದ ಗಿಡಗಳನ್ನು ನೆಲದ ಮೇಲೆ ಎರಡು ಸಾಲಾಗಿ ಹರವುತ್ತಿದ್ದಳು. ಹೂವಿನ ಸುಳಿವಿಲ್ಲದ ಗಿಡಗಳು. "ಇದಿ ಎಲಾ ತೆಲುಸಮ್ಮಾ ಮೀಕು?" ಹೇಗೆ ಗೊತ್ತಮ್ಮಾ ನಿಮಗೆ ಅಂತ ಅವರು ಕೇಳುತ್ತಿದ್ದರು, ಎರಡೂ ಕೈ ಮೊಳಕಾಲ ಮೇಲಿಟ್ಟುಕೊಂಡು, ಸಾಲಿ ಹುಡುಗನಂತೆ. ನನ್ನ ಕಣ್ಣಿಗೆ ಮೆಣಸಿನಪುಡಿ ಬಿದ್ದ ಹಾಗಾಯಿತು.

ಒಂದು ಗಿಡವನ್ನು ಅಕ್ಕ ಎರಡು ಸಾಲಿಗೂ ಇಡದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಬಹಳ ಹೊತ್ತು ಹಿಡಿದುಕೊಂಡಿದ್ದಳು. "ಇದು ಎಲ್ಲಿ ಸಿಕ್ತರಿ?" ಕೆಂಚನಗುಡ್ಡದ ಹತ್ತಿರ ಅಂದರು ಅವರು. ಆಮೇಲೆ ಆಕೆ ಮೂರನೆಯದರ ಕಥೆ ಹೇಳಿದಳು. ಮಾವನವರು ನಕ್ಕರು. ಪ್ರೊಫೆಸರು ನಗಲಿಲ್ಲ. ಹಾಗೊಂದು ಬೆರಕೆ ಇದ್ದರೂ ಇರಬಹುದು, ಇದುವರೆಗೆ ಯಾರೂ ಬರೆದಿಟ್ಟಿಲ್ಲ, ಎಲೆ ನೋಡಿ ಹೇಳಿದರೆ ಮದ್ರಾಸಿನಲ್ಲಿ ಯಾರೂ ನಂಬುವುದಿಲ್ಲ, ಹೂವು ಬೇಕು ಅಂದರು. ಒಂಬತ್ತು ಗಿಡ ನಮ್ಮ ಮನೆಯಲ್ಲೇ ಬಿಟ್ಟರು. ಬೇಸಿಗೆಗೆ ಹೂವು ಬಿಟ್ಟಾಗ ಬರುತ್ತೇನೆ, ಈಕೆ ಹೇಳಿದಂತೆ ಆದರೆ ಈಕೆಯ ಹೆಸರು, ಊರಿನ ಹೆಸರು ಹಾಕಿಯೇ ಅಚ್ಚು ಮಾಡಿಸುತ್ತೇನೆ ಅಂತ ಮಾವನವರಿಗೆ ಮಾತು ಕೊಟ್ಟು ಹೋದರು.

ನೋಡಿ, ತನ್ನ ಹೆಸರನ್ನು ತಾನೇ ಓದಲು ಬಾರದವಳ ಹೆಸರು ಅಚ್ಚಾಗುತ್ತದಂತೆ!

ಅಕ್ಕ ಒಂಬತ್ತನ್ನೂ ತೆಂಗಿನ ಸಿಪ್ಪೆಗೆ ಕಟ್ಟಿ ಹಿತ್ತಲಿನ ಪಡಸಾಲೆಯ ತೊಲೆಗೆ ತೂಗುಹಾಕಿದಳು. ಚೌಕಳಿಯದಕ್ಕೆ ಕಪ್ಪು ದಾರ, ಹಳದಿಯದಕ್ಕೆ ಹಳದಿ ದಾರ, ಆ ಒಂದಕ್ಕೆ ಕೆಂಪು. ದಿನಾ ನೀರು ಚಿಮುಕಿಸುವಳು. ನಾನು ಅಡಿಗೆ ಮನೆಯಿಂದ ನೋಡುತ್ತಿದ್ದೆ. ಬೇಸಿಗೆ ಏರಿತು. ಕಪ್ಪು ದಾರದವು ಒಂದೊಂದೇ ಚೌಕಳಿ ಹೂವು ಬಿಟ್ಟವು. ಹಳದಿ ದಾರದವೂ ಮೊಗ್ಗು ಹಿಡಿದವು. ಕೆಂಪು ದಾರದ್ದು ಮಾತ್ರ ಸುಮ್ಮನೆ ಇತ್ತು.

ಆಗ ಅಕ್ಕ ಮತ್ತು ಭಾವನವರು ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಕುರುಗೋಡಿಗೆ ಹೋದರು. ಆಕೆ ಅತ್ತ ಹೋದ ಮರುದಿನ ಪ್ರೊಫೆಸರ ಕಾರ್ಡು ಬಂತು, ಗುರುವಾರ ಬರುತ್ತೇನೆ ಅಂತ. ಓದಿ ಹೇಳಿದವಳು ನಾನೇ. ಅಕ್ಕ ವಾಪಸು ಬರುವುದೂ ಗುರುವಾರವೇ, ಮಧ್ಯಾಹ್ನದ ಬಸ್ಸಿಗೆ. ಗುರುವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ ಹಳದಿ ದಾರದ ಒಂದು ಗಿಡ ಆಗತಾನೇ ಅರಳಿತ್ತು. ಅಚ್ಚ ಹಳದಿ, ಒಂದು ಗೆರೆಯೂ ಇಲ್ಲ. ನಾನು ಸ್ಟೂಲು ಹಾಕಿಕೊಂಡು ಹತ್ತಿ ಅದರ ಹಳದಿ ದಾರ ಬಿಚ್ಚಿ ಕೆಂಪಿನದಕ್ಕೆ ಕಟ್ಟಿದೆ. ಕೆಂಪು ದಾರ ಇದಕ್ಕೆ ಕಟ್ಟಿದೆ. ಇಳಿದು ಬಂದು ರೊಟ್ಟಿ ಬಡಿದೆ.

ಪ್ರೊಫೆಸರು ಮಧ್ಯಾಹ್ನಕ್ಕೆ ಮೊದಲೇ ಬಂದರು. ಕೆಂಪು ದಾರದ ಹೂವನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಇಳಿಯಿತು. ಇದು ಎಲ್ಲ ಕಡೆ ಸಿಗುವ ಹಳದಿಯೇ ಅಂದರು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಇನ್ನೂ ಗಂಟು. ಗಿಡದ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಹತ್ತಿರ ಹೋಗಿ ದಾರದ ಮೇಲೆ ಬೆರಳಿಟ್ಟಳು. ಆಮೇಲೆ ನನ್ನ ಕಡೆ ನೋಡಿದಳು...

"ನನ್ನ ಕಣ್ಣಽ ತಪ್ಪಿರಬೇಕ್ರಿ" ಅಂದಳು.

ಪ್ರೊಫೆಸರು ಪಾಪ, ಒಳ್ಳೆಯವರು, ಉಳಿದ ಎಂಟು ಸರಿಯಾಗಿಯೇ ಇವೆಯಲ್ಲಮ್ಮ ಅಂದು ಸಮಾಧಾನ ಹೇಳಿದರು. ಆದರೆ ಆ ಎರಡು ಬಗೆ ಅವರಿಗೆ ಮೊದಲೇ ಗೊತ್ತಿದ್ದವು. ಊಟ ಮಾಡಿ ಹೊರಟುಹೋದರು. ಮತ್ತೆ ಅವರ ಕಾರ್ಡು ಬರಲಿಲ್ಲ. ಮಾವನವರು ಕೆಲವು ದಿನ "ಏನವ್ವಾ, ಮೂರನೇದು ಸಿಕ್ತೇನು?" ಅಂತ ಕಾಡಿದರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಪ್ರೊಫೆಸರು ಹೋದ ದಿನವೇ ಸಂಜೆ ಬಾವಿಯ ಹತ್ತಿರ ಅಕ್ಕ ನನ್ನ ಪಕ್ಕ ಬಂದು ಕೊಡ ಇಳಿಸಿದಳು. ಅಂಗಡಿಯ ಪೊಟ್ಟಣ ಕಟ್ಟಿ ಕಟ್ಟಿ ಆಕೆಯ ಗಂಟು ಒಂದು ಎಳೆ ಎಳೆದರೆ ಬಿಚ್ಚುವ ಜಾರುಗಂಟು. ನನ್ನದು ಎರಡು ಸುತ್ತಿನ ಬಿಗಿ ಗಂಟು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಗಿಡದ ಗುರ್ತು ಹಿಡಿಯಾಕಿಗೆ ಗಂಟಿನ ಗುರ್ತು ಸಿಗಂಗಿಲ್ಲೇನು ತಂಗಿ?"

"ಹಂಗಾರ ಅವರ ಮುಂದ ಹೇಳಬೇಕಿತ್ತು" ಅಂದೆ. ಕಳ್ಳಿಗೆ ಬಾಯಿ ದೊಡ್ಡದು.

"ಹೇಳಿದ್ರ ನೀನು ಮಾವನವರ ಮುಂದ ಹ್ಯಾಂಗ ನಿಂದರತಿದ್ದಿ? ಹೋಗ್ಲಿ ಬಿಡು. ಗಿಡ ಎಲ್ಲಿ ಹೋಗತೈತಿ, ಮುಂದಿನ ವರ್ಷ ಹೂ ಬಿಡತೈತಿ."

ಬೈದಿದ್ದರೆ, ಕೂದಲು ಹಿಡಿದು ಜಗ್ಗಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಕ್ಷಮಿಸಿದಳು. ಆ ಕ್ಷಮೆಯಲ್ಲೂ ಆಕೆಯೇ ದೊಡ್ಡವಳಾದಳು, ನಾನು ಮತ್ತೆ ಸಣ್ಣವಳಾದೆ. ಅದಕ್ಕೂ ಹೊಟ್ಟೆ ಉರಿಯಿತು.

ಅಕ್ಕ ಆ ಮೂರನೆಯ ಬಗೆಯ ಗಿಡವನ್ನು ಹಿತ್ತಲಿನ ಬೇವಿನ ಟೊಂಗೆಗೆ ಕಟ್ಟಿದಳು. ಮುಂದಿನ ವರ್ಷ ಹೂವು ಬಿಡಲಿಲ್ಲ. ಅದರ ಮುಂದಿನ ವರ್ಷವೂ ಬಿಡಲಿಲ್ಲ. ಅಷ್ಟರಲ್ಲಿ ಭಾವನವರು ಸಿರುಗುಪ್ಪದಲ್ಲಿ ಬೇರೆ ಅಂಗಡಿ ಇಡುವುದು ಅಂತಾಯಿತು. ಹೊರಡುವ ದಿನ ಅಕ್ಕ ಬೀಗದ ಕೈ ಬಿಚ್ಚಿ ನನ್ನ ಸೊಂಟಕ್ಕೆ ತಾನೇ ಸಿಕ್ಕಿಸಿದಳು. ಎಷ್ಟು ದಿನದಿಂದ ಬಯಸಿದ್ದು! ಗಿಡದ ಬೇರು ಬೇವಿನ ತೊಗಟೆಯನ್ನು ಕಚ್ಚಿಕೊಂಡಿದ್ದವು, ಕಿತ್ತರೆ ಸಾಯುತ್ತದೆ ಅಂತ ಅಲ್ಲೇ ಬಿಟ್ಟಳು. "ಮನ್ಯಾಗ ಓದು ಬರಹ ಬಲ್ಲಾಕಿ ನೀನೊಬ್ಬಾಕಿನಽ. ಹೂ ಬಿಟ್ರ ನನಗೊಂದು ಕಾರ್ಡು ಹಾಕವ್ವಾ. ಹ್ಯಾಂಗಿತ್ತು ಅಂತ ಬರಿ ಸಾಕು. ಅಲ್ಲಿ ಯಾರ ಕಡೆಯಿಂದರ ಓದಿಸಿಕೊಂತೀನಿ" ಅಂದಳು. ಹೂಂ ಅಂದೆ.

ಅದರ ಮರುವರ್ಷ ವೈಶಾಖದಲ್ಲಿ ಅದು ಹೂವು ಬಿಟ್ಟಿತು.

ಬಟ್ಟೆ ಒಣಹಾಕಲು ಹೋದವಳು ತಲೆ ಎತ್ತಿ ನೋಡಿದೆ. ಒಂದು ಕಡ್ಡಿಯಲ್ಲಿ ಐದು ಹೂವು. ಹಳದಿ. ಎಸಳಿನ ನಡುವೆ ಏನೂ ಇಲ್ಲ, ಅಂಚಿಗೆ ಮಾತ್ರ ಕಂದು ಗೀರು, ಸೂಜಿಯಿಂದ ಎಳೆದ ಹಾಗೆ ಸಣ್ಣಗೆ. ತುಟಿಯಂಥ ಎಸಳು ನೀಲಿ. ಅಕ್ಕ ಹೇಳಿದ ಹಾಗೇ, ಒಂದಕ್ಷರ ಆಚೆ ಈಚೆ ಇಲ್ಲ. ಸಣ್ಣ ಘಮ ಬೇರೆ. ನಾನು ಒದ್ದೆ ಸೀರೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟೆ. ಅಯ್ಯೋ ಶಿವನೇ, ಖರೇನೇ ಇತ್ತಲ್ಲ ಅನಿಸಿತು. ಆ ಹೊತ್ತಿನಲ್ಲಿ ನನಗೆ ಖುಷಿಯೇ ಆಗಿತ್ತು, ಇದನ್ನು ಯಾರಾದರೂ ನಂಬಲಿ ಬಿಡಲಿ.

ಒಳಗೆ ಹೋಗಿ ಕಾರ್ಡು ತೆಗೆದು 'ಅಕ್ಕನಿಗೆ ಶರಣು' ಅಂತ ಬರೆದೆ. ಅಷ್ಟರಲ್ಲಿ ಮಾವನವರು ಅಂಗಡಿಯಿಂದ ಕೂಗಿದರು. ನಾನು ಆರಿಸಿಕೊಟ್ಟ ಬೇರಿನಲ್ಲಿ ಕಲಬೆರಕೆ ಬಂದು ಗಿರಾಕಿ ಬೈದು ಹೋಗಿದ್ದ. ಅವನ ಎದುರಿಗೇ ಮಾವನವರು ಅಂದಿದ್ದರು, "ಹಿರೇ ಸೊಸಿ ಇದ್ದಿದ್ರ ಹಿಂಗ ಆಗತಿದ್ದಿಲ್ಲ." ನನಗೆ ಕೇಳುವ ಹಾಗೆ ಇನ್ನೊಮ್ಮೆ ಅಂದರು. ವಾಪಸು ಬಂದು ಕಾರ್ಡಿನ ಮುಂದೆ ಕೂತೆ. ಇದೂ ಹೋಗಿ ಮುಟ್ಟಿದರೆ ಇನ್ನೇನು, ಸಿರುಗುಪ್ಪದಿಂದ ಮದ್ರಾಸಿನ ತನಕ ಆಕೆಯದೇ ಹೆಸರು. ಕಾರ್ಡನ್ನು ಒಲೆಗೆ ಹಾಕಿದೆ. ಹೂವು ಮೂರು ವಾರ ಇದ್ದವು. ಹಿತ್ತಲಿಗೆ ನನ್ನ ಬಿಟ್ಟರೆ ಯಾರೂ ಹೆಚ್ಚು ಹೋಗುತ್ತಿರಲಿಲ್ಲ. ಆಮೇಲೆ ಮುಂಗಾರಿನ ಮೊದಲ ಗಾಳಿಗೆ ಆ ಟೊಂಗೆ ಮುರಿದು ಬಿತ್ತು. ಅದು ಮಾತ್ರ ನಾನು ಮಾಡಿದ್ದಲ್ಲ. ಮುರಿದದ್ದನ್ನು ಎತ್ತಿ ಕಟ್ಟಲಿಲ್ಲ, ಅದು ನಾನು ಮಾಡಿದ್ದು.

ಪಂಚಮಿಗೆ ಅಕ್ಕ ಬಳ್ಳಾರಿಗೆ ಬಂದಳು. ಬಂದವಳೇ ಚೀಲ ಇಟ್ಟು, ಕಾಲು ತೊಳೆಯುವ ಮೊದಲೇ ಹಿತ್ತಲಿಗೆ ಹೋದಳು. ಟೊಂಗೆ ಇರಲಿಲ್ಲ. ಮರದ ಕೆಳಗೆ ನಿಂತು ನನ್ನ ಕೇಳಿದಳು.

"ಹೂವು ಬಿಟ್ಟಿತ್ತೇನ ತಂಗಿ?"

ಇಲ್ಲ ಅಂದಿದ್ದರೂ ಆಗುತ್ತಿತ್ತು. ಆಸೆ ಉಳಿಯುತ್ತಿತ್ತು ಆಕೆಗೆ. ನಾನು ಹಾಗೆ ಅನ್ನಲಿಲ್ಲ.

"ಬಿಟ್ಟಿತ್ತಕ್ಕ. ಬರೇ ಹಳದಿ. ಗೀರು ಏನೂ ಇದ್ದಿಲ್ಲ. ಅದಕ್ಕಽ ಕಾರ್ಡು ಹಾಕಲಿಲ್ಲ."

ಈ ಸಲವೂ ಆಕೆ ನನ್ನ ಮುಖ ನೋಡಿದಳು, ಆದರೆ ಬಹಳ ಹೊತ್ತಲ್ಲ. ಒಮ್ಮೆ ಕ್ಷಮಿಸಿದ ಮೇಲೆ ಮತ್ತೆ ಅನುಮಾನ ಪಡುವ ಜಾಯಮಾನ ಆಕೆಯದಲ್ಲ. "ಹಂಗಾರ ಸಣ್ಣಾಕಿದ್ದಾಗ ಕಂಡಿದ್ದೂ ಭ್ರಮಿನಽ ಇರಬೇಕು. ಅವ್ವ ಅಂದಿದ್ದಽ ಖರೆ" ಅಂದು ನಕ್ಕಳು. ಆಮೇಲೆ ಕಾಲು ತೊಳೆದು ಒಳಗೆ ಬಂದು ನನ್ನ ಜೊತೆ ತಂಬಿಟ್ಟು ಕಟ್ಟಿದಳು. ಗೆದ್ದೆ ಅಂದುಕೊಂಡೆ ನಾನು.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಅಕ್ಕನ ಮಗಳ ತೊಟ್ಟಿಲಿಗೆ ಸಿರುಗುಪ್ಪಕ್ಕೆ ಹೋದೆ. ಮನೆಯ ಮುಂದೆಯೇ ಅಂಗಡಿ. ಅಕ್ಕ ಕಟ್ಟೆಯ ಮೇಲೆ ಕೂತು ಕೂಸಿಗೆ ಕುಲಾವಿ ಹೊಲಿಯುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ದೇಶನೂರಿನ ರೈತನೊಬ್ಬ ಒಂದು ಹೊರೆ ಗಾಳಿಗಿಡ ತಂದು ಮುಂದೆ ಹಾಕಿದ. ಕಾಲುವೆ ಕೆಲಸಕ್ಕೆ ಮರ ಕಡಿಯುತ್ತಿದ್ದರಂತೆ, ಅವುಗಳ ಮೇಲಿದ್ದದ್ದು. ಮೇಲೆಯೇ ಎರಡು ಬಗೆ ಬೆರೆತು ಬಿದ್ದಿದ್ದವು. ಇಷ್ಟು ವರ್ಷ ನೋಡಿ ನೋಡಿ ಅಷ್ಟು ನನಗೂ ಗೊತ್ತಾಗುತ್ತಿತ್ತು. ಈಗ ಎಲೆಗೆ ಬೆರಳು ಹಚ್ಚುತ್ತಾಳೆ, ಈಗ ಎರಡು ಸಾಲು ಮಾಡುತ್ತಾಳೆ ಅಂತ ನಾನು ಕಾಯ್ದೆ. ಅಕ್ಕ ಹೊಲಿಗೆಯಿಂದ ಕೈ ತೆಗೆಯಲಿಲ್ಲ. ತಲೆ ಎತ್ತಿ ಅವನನ್ನು ಕೇಳಿದಳು.

"ಯಾವ ಮರದ ಮ್ಯಾಲಿನವಪ್ಪಾ?"

ಬೇವಿನದು ಅಂದ ಅವನು. ಬೇವಿನ ಗೂಟಕ್ಕೆ ಹಾಕು ಅಂದಳು.

ಅಕ್ಕಾ, ಹಂಗಲ್ಲ ಅದು, ಎಲಿ ನೋಡು ಅಂತ ಬಾಯಿಗೆ ಬಂದಿತ್ತು. ಬಂದದ್ದು ಬಾಯಲ್ಲೇ ಉಳಿಯಿತು. ಆಕೆಯ ಸ್ಥಾನ ಬೇಕು, ಬೀಗದ ಕೈ ಬೇಕು, ಮಾವನವರ ಮೆಚ್ಚುಗೆ ಬೇಕು ಅಂತ ಹೊಟ್ಟೆ ಉರಿದುಕೊಂಡವಳು ನಾನು. ಆಕೆಯ ಕಣ್ಣನ್ನೇ ಕಿತ್ತುಕೊಳ್ಳುತ್ತೇನೆ ಅಂತ ನನಗೆ ಗೊತ್ತಿರಲಿಲ್ಲ.

ಅಕ್ಕ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಆ ತೊಟ್ಟಿಲಾದ ಮೇಲೆ ಆಕೆ ಇರುವ ತನಕ ಎಷ್ಟೋ ಸಲ ಒಟ್ಟಿಗೆ ಕೂತೆವು, ಒಟ್ಟಿಗೆ ಉಂಡೆವು, ನಮ್ಮವರು ಹೋದಾಗ ಹದಿನೈದು ದಿನ ಬಂದು ನನ್ನ ಹತ್ತಿರ ಮಲಗಿದಳು. ಹೇಳಲು ದಿನ ಇಲ್ಲದಿರಲಿಲ್ಲ, ಹೇಳಲಿಲ್ಲ. ಹೊಳೆ ದಂಡೆಯ ಆ ಮರಗಳು ಹೋಗಿ ಭತ್ತದ ಗದ್ದೆಗಳಾದವು. ಮೂರನೆಯದು ಈಗ ಎಲ್ಲಾದರೂ ಇದೆಯೋ ಇಲ್ಲವೋ, ನೋಡಿ ಹೇಳುವವರು ಯಾರೂ ಇಲ್ಲ. ಇತ್ತು ಅಂತ ಗೊತ್ತಿರುವುದು ಇಡೀ ಲೋಕದಲ್ಲಿ ನನಗೊಬ್ಬಳಿಗೆ. ಅಕ್ಕನದೆಲ್ಲ ನನಗೆ ಬೇಕಿತ್ತಲ್ಲ, ಕಡೆಗೆ ಇದು ಸಿಕ್ಕಿತು.